ಬೆಟ್ಟದ ತಾಲೀಮು ಬಯಲಲ್ಲೇ ಆಗಲಿ, ಬೆನ್ನ ಮೇಲೆ ಸಸಿಗೆ ನೀರಿರಲಿ

ಮಾನ್ಯ ಸಂಪಾದಕರೇ,

ದಸರೆ ಮುಗಿಯುತ್ತಿದ್ದಂತೆ ಕಲಬುರಗಿ, ಬೀದರ್, ಯಾದಗಿರಿ ಕಡೆಯ ತಂಡಗಳು ಸಹಾಯಾರ್ಥ ಬೆಟ್ಟದ ನಡಿಗೆಗೆ ಸಜ್ಜಾಗತೊಡಗುತ್ತವೆ. ಶಾಲೆಗೊಂದು ಕೊಠಡಿ, ಬಡ ರೋಗಿಗಳ ಔಷಧಿ, ವೃದ್ಧಾಶ್ರಮದ ಕಿರಾಣಿ, ಹೀಗೆ ಒಂದು ಕಾರಣ ಮುಂದಿಟ್ಟುಕೊಂಡು ದೇಣಿಗೆ ಕೂಡಿಸುತ್ತಾರೆ. ಡಿಸೆಂಬರ್ ಇಲ್ಲವೇ ಜನವರಿಯಲ್ಲಿ ಚಿಕ್ಕಮಗಳೂರು, ಕೊಡಗು ಅಥವಾ ಮಹಾರಾಷ್ಟ್ರದ ಸಹ್ಯಾದ್ರಿಗೆ ಹೊರಡುತ್ತಾರೆ. ಉದ್ದೇಶದ ಬಗ್ಗೆ ಎರಡು ಮಾತಿಲ್ಲ. ತಯಾರಿಯಲ್ಲಿ ಮಾತ್ರ ಎರಡು ಕೊರತೆ ಎದ್ದು ಕಾಣುತ್ತವೆ. ತಾಲೀಮೆಲ್ಲ ಸಪಾಟು ರಸ್ತೆಯ ಮೇಲೆಯೇ ಮುಗಿಯುವುದರಿಂದ ಬೆಟ್ಟ ಇಳಿಯುವಾಗ ಮೊಣಕಾಲು ಕೈಕೊಡುತ್ತವೆ. ಬಾಡಿಗೆ ಕಾರು, ನೀರಿನ ಬಾಟಲಿ, ಫ್ಲೆಕ್ಸ್, ಅಂಗಿಗಳಿಗೆಂದು ದೇಣಿಗೆಯ ಒಂದು ಪಾಲು ಕರಗಿ, ಕಸವಾಗಿ ಉಳಿಯುತ್ತದೆ. ಇವೆರಡನ್ನೂ ಒಟ್ಟಿಗೆ ಸರಿಪಡಿಸಬಹುದು. ತಾಲೀಮಿನ ಭಾರವನ್ನು ಊರಿಗೆ ಬೇಕಾದ ಕೆಲಸಕ್ಕೇ ಹಚ್ಚಬೇಕು. ಅದನ್ನು ಹೇಗೆ ಮಾಡಬಹುದೆಂದು ವಿವರವಾಗಿ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ಆದರೆ ಅರ್ಧ ಹೇಳಿದರೆ ಉಪಯೋಗವಿಲ್ಲ.

ಮೊದಲು ಬೆಟ್ಟದ ಲೆಕ್ಕ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಕೊಡಗಿನ ತಡಿಯಂಡಮೋಳ್ 1,748, ಕುಮಾರ ಪರ್ವತ 1,712, ಮಹಾರಾಷ್ಟ್ರದ ಕಳಸೂಬಾಯಿ 1,646 ಮೀಟರ್. ಎತ್ತರದ ಗಾಳಿಯಿಂದ ತಲೆನೋವು, ವಾಂತಿ ಬರುವ ತೊಂದರೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲಿನದು, ಹಾಗಾಗಿ ಇಲ್ಲಿ ಅದರ ಭಯ ಬೇಡ. ಇಲ್ಲಿ ಸೋಲುವುದು ಕಾಲು, ಇಲ್ಲವೇ ನೀರು-ಉಪ್ಪು ಕಡಿಮೆಯಾದ ಮೈ. ಶಿಖರದ ಎತ್ತರಕ್ಕಿಂತ ನಾವು ನಡೆಯಲು ಶುರುಮಾಡುವ ಜಾಗದಿಂದ ಎಷ್ಟು ಮೀಟರ್ ಏರಬೇಕು ಎಂಬುದೇ ಮುಖ್ಯ. ಮುಳ್ಳಯ್ಯನಗಿರಿಯ ತುದಿಯ ಹತ್ತಿರದವರೆಗೆ ರಸ್ತೆಯಿದೆ. ಕುಮಾರ ಪರ್ವತಕ್ಕೆ ಕುಕ್ಕೆಯಿಂದ ಹೊರಟರೆ 1,500 ಮೀಟರಿಗೂ ಹೆಚ್ಚು ಏರಬೇಕು, ದಾರಿ ಒಂದು ಕಡೆಗೇ ಸುಮಾರು 13 ಕಿ.ಮೀ. ಮೊದಲ ಸಲ ಹೊರಡುವ ತಂಡ ಅದನ್ನು ಆರಿಸಿಕೊಳ್ಳಬಾರದು. 600ರಿಂದ 700 ಮೀಟರ್ ಏರಿಕೆಯ, ಹೋಗಿ ಬರಲು 10ರಿಂದ 12 ಕಿ.ಮೀ. ಆಗುವ ದಾರಿ ಸಾಕು.

ಸಮಯಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ನಡೆಯುತ್ತದೆ. ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಅಂದರೆ 10 ಕಿ.ಮೀ. ದಾರಿ, 600 ಮೀಟರ್ ಏರಿಕೆಗೆ ಮೂರು ಗಂಟೆ. ಇದು ಗಟ್ಟಿ ಕಾಲಿನವರ ಲೆಕ್ಕ, ನಿಂತು ಉಂಡು ಫೋಟೊ ತೆಗೆಯುವ ಹೊತ್ತು ಇದರಲ್ಲಿ ಸೇರಿಲ್ಲ. ನಲವತ್ತು ಜನರ ತಂಡಕ್ಕೆ ಇದನ್ನು ಎರಡು ಪಟ್ಟು ಮಾಡಿಟ್ಟುಕೊಳ್ಳಬೇಕು. ಬೆಳಿಗ್ಗೆ 10ಕ್ಕೆ ಬೆಟ್ಟದ ಬುಡದಲ್ಲಿ ಭಾಷಣ ಮಾಡುತ್ತ ನಿಂತ ತಂಡ ಕತ್ತಲಲ್ಲಿ ಇಳಿಯುವುದು ಈ ಲೆಕ್ಕ ಮಾಡದೆ ಇರುವುದರಿಂದಲೇ.

ನಮ್ಮದು ಬಯಲು, ಏರುವುದಕ್ಕೆ ಗುಡ್ಡ ಎಲ್ಲಿದೆ ಎಂದು ಕೇಳುವವರಿದ್ದಾರೆ. ಯಾದಗಿರಿಯವರಿಗೆ ಊರ ನಡುವೆಯೇ ಕೋಟೆ ಬೆಟ್ಟವಿದೆ, ಸುರಪುರ-ಶಹಾಪುರದವರಿಗೆ ಬಂಡೆಗುಡ್ಡಗಳಿವೆ, ಬೀದರಿನವರಿಗೆ ಪ್ರಸ್ಥಭೂಮಿಯ ಅಂಚಿನ ಇಳಿಜಾರುಗಳಿವೆ. ಕಲಬುರಗಿಯವರಿಗೆ ಇರುವುದು ಪಾವಟಿಗೆ, ಅಂದರೆ ಕಟ್ಟಡದ ಮೆಟ್ಟಿಲು. ಒಂದು ಪಾವಟಿಗೆ ಸುಮಾರು 16.5 ಸೆಂ.ಮೀ. ಎತ್ತರ, ಹೀಗಾಗಿ 100 ಮೀಟರ್ ಏರಲು ಸುಮಾರು 600 ಪಾವಟಿಗೆ ಬೇಕು. ನಾಲ್ಕು ಅಂತಸ್ತು ಏರುವ ಕಟ್ಟಡದಲ್ಲಿ ಸುಮಾರು 72 ಪಾವಟಿಗೆ, ಅಂದರೆ ಒಂದು ಸುತ್ತಿಗೆ 12 ಮೀಟರ್. 700 ಮೀಟರಿನ ಬೆಟ್ಟಕ್ಕೆ ಹೊರಟವರು ಒಂಬತ್ತು-ಹತ್ತನೇ ವಾರದ ಹೊತ್ತಿಗೆ, ವಾರದ ಒಟ್ಟು ಏರಿಕೆಯನ್ನು ಆ 700 ಮೀಟರಿಗೆ ತಂದಿರಬೇಕು. ಅದಕ್ಕೆ ವಾರಕ್ಕೆ ಸುಮಾರು 60 ಸುತ್ತು, ಮೂರು ದಿನಕ್ಕೆ ಹಂಚಿದರೆ ದಿನಕ್ಕೆ 20. ಅವಸರವಿಲ್ಲದೆ ಹತ್ತಿ ಇಳಿದರೆ ಮುಕ್ಕಾಲು ಗಂಟೆಯ ಕೆಲಸ. ಮನೆಯ ಮಾಳಿಗೆಗೆ ಹತ್ತುವ ಹದಿನೆಂಟು ಪಾವಟಿಗೆಯಾದರೂ ನಡೆಯುತ್ತದೆ, ಸುತ್ತು ನಾಲ್ಕು ಪಟ್ಟು ಆಗುತ್ತದೆ ಅಷ್ಟೇ.

ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಮೆಟ್ಟಿಲು ಹತ್ತಿ, ಲಿಫ್ಟಿನಲ್ಲಿ ಇಳಿಯುತ್ತಾರೆ. ಏರುವಾಗ ಉಬ್ಬಸ ಬರುವುದರಿಂದ ಏರುವುದೇ ಕಷ್ಟ ಎಂದು ತೋರುತ್ತದೆ. ನಿಜವಾಗಿ ಕಾಲು ಒಡೆಯುವುದು ಇಳಿಯುವಾಗ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕು, ಆ ಎಳೆತಕ್ಕೆ ಅದರ ಎಳೆಗಳಲ್ಲಿ ಸಣ್ಣಸಣ್ಣ ಗಾಯಗಳಾಗುತ್ತವೆ. ನೋವು ಅಂದೇ ಕಾಣಿಸಿಕೊಳ್ಳುವುದಿಲ್ಲ. ಮರುದಿನ ಶುರುವಾಗಿ ಎರಡು-ಮೂರನೇ ದಿನಕ್ಕೆ ಏರುತ್ತದೆ, ಕುಂತವರು ಏಳಲಾರರು, ನಿಂತವರು ಕುಂದ್ರಲಾರರು. ಆದರೆ ಹೀಗೆ ಒಮ್ಮೆ ದಣಿದು ಸುಧಾರಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಆದ್ದರಿಂದ ಇಳಿಯುವ ತಾಲೀಮನ್ನು ಬೆಟ್ಟಕ್ಕೆ ಮೊದಲೇ, ಸ್ವಲ್ಪಸ್ವಲ್ಪವಾಗಿ ಮುಗಿಸಿರಬೇಕು. ಮನೆಯ ಕೆಳಗಿನ ಪಾವಟಿಗೆಯ ಅಂಚಿಗೆ ಒಂದೇ ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿಯನ್ನು ಮೂರು-ನಾಲ್ಕು ಎಣಿಸುವಷ್ಟು ನಿಧಾನವಾಗಿ ನೆಲಕ್ಕೆ ತಾಗಿಸಿ ಮತ್ತೆ ಮೇಲೆ ಬರಬೇಕು. ಕಾಲಿಗೆ ಎಂಟು-ಹತ್ತು ಸಲ, ಹೀಗೆ ಎರಡು-ಮೂರು ಸರತಿ, ವಾರಕ್ಕೆ ಮೂರು ದಿನ. ಕೈಗೆ ಗೋಡೆಯ ಆಸರೆ ಇರಲಿ. ಮೊಣಕಾಲು ಕಾಲಿನ ಎರಡನೇ ಬೆರಳಿನ ನೇರಕ್ಕೇ ಬಾಗಬೇಕು. ಒಳಗೆ ವಾಲುತ್ತಿದ್ದರೆ ಪಾವಟಿಗೆ ನಿಮಗೆ ಎತ್ತರವಾಯಿತೆಂದು ತಿಳಿದು, ಒಂದು ಇಟ್ಟಿಗೆಯ ಎತ್ತರದಿಂದ ಶುರುಮಾಡಿ. ತೊಡೆಯೆಲ್ಲ ಜೋಮು ಹಿಡಿದಂತೆ ನೋವಾದರೆ ಚಿಂತೆಯಿಲ್ಲ. ಮೊಣಚಿಪ್ಪಿನ ಕೆಳಗೋ ಮೊಣಕಾಲಿನ ಹೊರಬದಿಗೋ ಒಂದೇ ಕಡೆ ಚುಚ್ಚಿದಂತೆ ನೋವು ಬಂದರೆ ಆ ವಾರ ಪಾವಟಿಗೆ ಬಿಟ್ಟು, ಸಪಾಟು ನಡಿಗೆ ಮಾತ್ರ. ನೋವು ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು.

ಒಟ್ಟು ಹನ್ನೆರಡು ವಾರ ಬೇಕು. ಮೊದಲ ಮೂರು ವಾರ ನಾಲ್ಕು ದಿನ ಅರ್ಧ ಗಂಟೆಯಿಂದ ನಲವತ್ತು ನಿಮಿಷದ ಬಿರುಸು ನಡಿಗೆ, ಭಾನುವಾರ 6 ಕಿ.ಮೀ. ಆಮೇಲೆ ಪಾವಟಿಗೆ ಸೇರಿಸಿ, ಭಾನುವಾರದ ನಡಿಗೆಯನ್ನು ವಾರಕ್ಕೆ ಒಂದು-ಒಂದೂವರೆ ಕಿ.ಮೀ.ನಂತೆ ಹೆಚ್ಚಿಸುತ್ತ ಹೋಗಬೇಕು. ನಾಲ್ಕು ವಾರಕ್ಕೊಮ್ಮೆ ಎಲ್ಲವನ್ನೂ ಮೂರನೇ ಒಂದು ಭಾಗ ಇಳಿಸಬೇಕು, ಗಟ್ಟಿಯಾಗುವುದು ವಿಶ್ರಾಂತಿಯಲ್ಲೇ. ಎಂಟರಿಂದ ಹತ್ತನೇ ವಾರದಲ್ಲಿ ಶನಿವಾರ, ಭಾನುವಾರ ಎರಡೂ ದಿನ ನಡೆಯಬೇಕು, ದಣಿದ ಕಾಲಲ್ಲಿ ನಡೆಯುವ ರೂಢಿಗೆ ಇದೊಂದೇ ದಾರಿ. ಹನ್ನೊಂದನೇ ವಾರ ಅರ್ಧಕ್ಕೆ ಇಳಿಸಿ, ಕೊನೆಯ ವಾರ ಹಗುರ ನಡಿಗೆ ಬಿಟ್ಟರೆ ಏನೂ ಬೇಡ. ಕೊನೆಯ ವಾರ ಗಾಬರಿಬಿದ್ದು ಹೆಚ್ಚು ಮಾಡಿದ್ದರಿಂದ ಲಾಭವಿಲ್ಲ, ನೋವು ಮಾತ್ರ ಬೆಟ್ಟದವರೆಗೆ ಜೊತೆಗೆ ಬರುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಮೊದಲ ವಾರಕ್ಕೂ ಮುಂಚೆ ವೈದ್ಯರ ಮಾತು ಕೇಳಬೇಕು. ನಡೆಯುವಾಗ ಎದೆ ಬಿಗಿದರೆ ಅಲ್ಲೇ ನಿಲ್ಲಬೇಕು.

ಇನ್ನು ಬೆನ್ನಿನ ಭಾರ. ಜಿಮ್ಮಿನ ತೂಕದ ಬಿಲ್ಲೆಗಾಗಲಿ, ಚೀಲಕ್ಕೆ ತುಂಬುವ ಕಲ್ಲಿಗಾಗಲಿ ನನ್ನ ಸಲಹೆಯಿಲ್ಲ. ನೀರು ತುಂಬಿ. ಒಂದು ಲೀಟರ್ ನೀರು ಒಂದು ಕೆ.ಜಿ., ತಕ್ಕಡಿಯೇ ಬೇಡ. ನಾಲ್ಕನೇ ವಾರ 3 ಲೀಟರಿನಿಂದ ಶುರುಮಾಡಿ, ಒಂಬತ್ತನೇ ವಾರಕ್ಕೆ 6 ಲೀಟರಿಗೆ ಬಂದರೆ ಸಾಕು. ಮೈತೂಕದ ಹತ್ತನೇ ಒಂದು ಭಾಗ ದಾಟಬಾರದು. ತಂಪು ಪಾನೀಯದ ಹಳೆಯ ಬಾಟಲಿಗಳು ಗಟ್ಟಿ ಇರುತ್ತವೆ. ಕಂಠಮಟ್ಟ ತುಂಬಬೇಕು, ಅರ್ಧ ತುಂಬಿದ ಬಾಟಲಿಯ ನೀರು ಹೆಜ್ಜೆಹೆಜ್ಜೆಗೂ ತುಳುಕಿ ಸೊಂಟವನ್ನು ಅತ್ತಿತ್ತ ಎಳೆಯುತ್ತದೆ. ಭಾರ ಬೆನ್ನಿಗೆ ಅಂಟಿಕೊಂಡು, ಹೆಗಲ ಮೂಳೆಗಳ ನಡುವೆ ಇರಬೇಕು. ಅದಕ್ಕೆ ಚೀಲದ ತಳಕ್ಕೆ ಹಳೆಯ ಟವೆಲ್ ಮಡಚಿ ಇಟ್ಟು ಬಾಟಲಿಗಳನ್ನು ಮೇಲೆತ್ತಬೇಕು. ಮಕ್ಕಳ ಶಾಲೆ ಚೀಲಕ್ಕೆ ಸೊಂಟಪಟ್ಟಿ ಇರುವುದಿಲ್ಲ. ಹಳೆಯ ಓಢಣಿಯನ್ನು ಚೀಲದ ಕೆಳಭಾಗದಿಂದ ತಂದು ಸೊಂಟಕ್ಕೆ ಬಿಗಿದರೆ ಹೆಗಲಿನ ಭಾರ ಎಷ್ಟೋ ಇಳಿಯುತ್ತದೆ.

ಆ ನೀರನ್ನು ಎಲ್ಲಿಗೆ ಒಯ್ಯಬೇಕು ಎನ್ನುವುದೇ ನನ್ನ ಪತ್ರದ ಮುಖ್ಯ ವಿಷಯ. ಜೂನ್-ಜುಲೈನಲ್ಲಿ ಶಾಲೆಯ ಅಂಗಳ, ಬಡಾವಣೆಯ ಉದ್ಯಾನ, ಕೆರೆಯ ದಂಡೆ, ಸ್ಮಶಾನ ಎಲ್ಲ ಕಡೆ ಬೇವು, ಹೊಂಗೆ, ಹುಣಸೆ ನೆಡುತ್ತೇವೆ. ಅಕ್ಟೋಬರ್ ಕಳೆದರೆ ನಮ್ಮ ಸೀಮೆಗೆ ಮುಂದಿನ ಜೂನ್‌ವರೆಗೆ ನಂಬುವಂಥ ಮಳೆಯಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಸಸಿ ಸಾಯುವುದು ನೆಟ್ಟ ದಿನದ ತಪ್ಪಿನಿಂದಲ್ಲ, ಈ ಎಂಟು ತಿಂಗಳ ಬಾಯಾರಿಕೆಯಿಂದ. ಬೆಟ್ಟದ ತಾಲೀಮು ಶುರುವಾಗುವುದೂ ಸರಿಯಾಗಿ ಇದೇ ಹೊತ್ತಿಗೆ. ಇಪ್ಪತ್ತು ಜನರ ತಂಡ ವಾರಕ್ಕೆ ಮೂರು ದಿನ ತಲೆಗೆ 5 ಲೀಟರ್ ಹೊತ್ತು ನಡೆದರೆ ವಾರಕ್ಕೆ 300 ಲೀಟರ್. ವಾರಕ್ಕೆ 10 ಲೀಟರಿನಂತೆ ಮೂವತ್ತು ಸಸಿಗಳಿಗೆ ಸಾಕು. ನೀರು ಸುರಿದು ಖಾಲಿ ಚೀಲದಲ್ಲಿ ಮರಳುವುದರಿಂದ, ದಣಿದ ಮೊಣಕಾಲಿನ ಮೇಲೆ ಭಾರವೂ ಉಳಿಯುವುದಿಲ್ಲ.

ಮೇಲೆ ಸುರಿದ ನೀರು ನಮ್ಮ ಬಿಸಿಲಿಗೆ ಬಹಳಷ್ಟು ಆವಿಯಾಗಿ ಹೋಗುತ್ತದೆ, ಅದಕ್ಕೆ ಮಡಕೆ ಹೂಳಬೇಕು. 5-6 ಲೀಟರಿನ, ಬಣ್ಣ ಬಳಿಯದ, ಮೆರುಗು ಹಚ್ಚದ ಮಣ್ಣಿನ ಮಡಕೆ ಆರಿಸಿ. ಮನೆಯಲ್ಲಿ ನೀರು ತುಂಬಿಟ್ಟು ನೋಡಿ, ಕೆಲವು ಗಂಟೆಯಲ್ಲಿ ಹೊರಮೈ ತಣ್ಣಗೆ ಒದ್ದೆಯಾದರೆ ಅದು ಕೆಲಸಕ್ಕೆ ಬರುತ್ತದೆ, ಒಣಗಿಯೇ ಇದ್ದರೆ ಬರುವುದಿಲ್ಲ. ಸಸಿಯ ಬುಡದಿಂದ ಒಂದೂವರೆ ಗೇಣು ದೂರದಲ್ಲಿ, ಕಂಠ ಎರಡು ಬೆರಳಷ್ಟು ಮೇಲೆ ಕಾಣುವಂತೆ ಹೂಳಬೇಕು. ನಮ್ಮ ಎರೆ ಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುತ್ತದೆ, ಆ ಒತ್ತಡಕ್ಕೆ ಮಡಕೆ ಸೀಳುತ್ತದೆ. ಆದ್ದರಿಂದ ತೆಗೆದ ಮಣ್ಣಿಗೆ ಸಮಪಾಲು ಉಸುಕು ಮತ್ತು ಗೊಬ್ಬರ ಬೆರೆಸಿ ಮಡಕೆಯ ಸುತ್ತ ತುಂಬಬೇಕು. ಬರೀ ಉಸುಕು ತುಂಬಿದರೆ ಮಡಕೆಯ ತೇವವನ್ನು ಅದು ಎಳೆದುಕೊಳ್ಳುವುದಿಲ್ಲ. ಬಾಯಿಗೆ ಶಹಾಬಾದ್ ಕಲ್ಲಿನ ಒಂದು ಚೂರು ಮುಚ್ಚಿ. ತೆರೆದಿಟ್ಟರೆ ಸೊಳ್ಳೆ ಮರಿ ಮಾಡುತ್ತದೆ, ನಾಯಿ ಬಾಯಿ ಹಾಕಿ ಒಡೆಯುತ್ತದೆ. ಮೂರರಿಂದ ಐದು ದಿನಕ್ಕೆ ಮಡಕೆ ಖಾಲಿಯಾಗುತ್ತದೆ, ಬೇರು ಆ ತೇವವನ್ನು ಹುಡುಕಿಕೊಂಡು ಆಳಕ್ಕೆ ಇಳಿಯುತ್ತದೆ.

ಒಂದು ವರ್ಷದಲ್ಲಿ ಮಡಕೆ ನೀರು ಬಿಡುವುದು ಕಡಿಮೆಯಾಯಿತೆಂದರೆ ಕಾರಣ ಬೋರಿನ ಗಡಸು ನೀರು. ಒಳಮೈಗೆ ಬಿಳಿ ಪೊರೆ ಕಟ್ಟಿ ರಂಧ್ರ ಮುಚ್ಚಿರುತ್ತದೆ. ಹುಣಸೆಹಣ್ಣಿನ ಗಟ್ಟಿ ನೀರನ್ನು ಒಂದು ರಾತ್ರಿ ಬಿಟ್ಟು ತೆಂಗಿನ ನಾರಿನಿಂದ ಉಜ್ಜಿದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಮನೆಯ ನೀರು ಶುದ್ಧೀಕರಣ ಯಂತ್ರ ಹೊರಹಾಕುವ ತ್ಯಾಜ್ಯ ನೀರನ್ನು ಇದಕ್ಕೆ ಹಾಕಬಾರದು, ಅದರಲ್ಲಿ ಉಪ್ಪಿನಂಶ ಇನ್ನೂ ಹೆಚ್ಚು. ಅದು ನೆಲ ಒರೆಸಲು, ಶೌಚಾಲಯಕ್ಕೆ ಸರಿ. ಅಕ್ಕಿ, ಬೇಳೆ ತೊಳೆದ ನೀರೂ ಮಡಕೆಗೆ ಬೇಡ, ಗಂಜಿಯಂಶ ಹುಳಿತು ನಾರುತ್ತದೆ. ಅದನ್ನು ನೇರ ಮಣ್ಣಿಗೆ ಹಾಕಬಹುದು. ಸಾರ್ವಜನಿಕ ಜಾಗವಾದರೆ ಮಡಕೆ ಹೂಳುವ ಮೊದಲು ಸಂಬಂಧಪಟ್ಟವರ ಒಪ್ಪಿಗೆ ಪಡೆಯಿರಿ, ಇಲ್ಲವಾದರೆ ಮುಂದೆ ಹುಲ್ಲು ಕೀಳುವವರು ಅದನ್ನೂ ಕಿತ್ತು ಒಗೆಯುತ್ತಾರೆ.

ಮೇಲೆ ಹೇಳಿದ ಗೊಬ್ಬರಕ್ಕೆ ಅಂಗಡಿಗೆ ಹೋಗಬೇಕಿಲ್ಲ. ತಳಕ್ಕೆ ತೂತು ಮಾಡಿದ ಹಳೆಯ ಡಬ್ಬಿಯಲ್ಲಿ ಅಡುಗೆಮನೆಯ ಸಿಪ್ಪೆ ಒಂದು ಪಾಲು, ಒಣಗಿದ ಬೇವಿನೆಲೆ ಅಥವಾ ಪುಡಿ ಮಾಡಿದ ತೊಗರಿ ಹೊಟ್ಟು ಎರಡು ಪಾಲು ಹಾಕುತ್ತ ಹೋಗಿ. ಮಳೆ ಜಾಸ್ತಿ ಇರುವ ಕಡೆ ಗೊಬ್ಬರ ನಾರುವುದೇ ದೊಡ್ಡ ತೊಂದರೆ. ನಮ್ಮಲ್ಲಿ ತೊಂದರೆ ಅದರ ಉಲ್ಟಾ. ಡಬ್ಬಿಯೊಳಗಿನದು ಕೊಳೆಯುವ ಬದಲು ಹಪ್ಪಳದಂತೆ ಒಣಗಿ ಹಾಗೇ ಕುಂತುಬಿಡುತ್ತದೆ. ಹಿಡಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಕೈ ಒದ್ದೆಯಾಗಬೇಕು, ಅಷ್ಟು ತೇವ ಬೇಕು. ನೆರಳಲ್ಲಿಟ್ಟು ಒದ್ದೆ ಗೋಣಿ ಚೀಲ ಹೊದಿಸಿ, ವಾರಕ್ಕೊಮ್ಮೆ ತಿರುವಿದರೆ ಎರಡು-ಮೂರು ತಿಂಗಳಲ್ಲಿ ಕಪ್ಪಗೆ ಮಣ್ಣಿನ ವಾಸನೆಯ ಗೊಬ್ಬರ ಸಿದ್ಧ. ವಾಸನೆ ಬಂದರೆ ಒಣ ಎಲೆ ಕಡಿಮೆಯಾಗಿದೆ ಎಂದರ್ಥ.

ವಾರದ ನಡುವಿನ ನಡಿಗೆಗೆ ಬೇರೆ ಹೊತ್ತು ಹುಡುಕುವ ಬದಲು ಎರಡು ಕಿ.ಮೀ. ಒಳಗಿನ ಓಡಾಟವನ್ನೆಲ್ಲ ಕಾಲಿಗೆ ಹಾಕಿ. ತರಕಾರಿ, ಹಾಲು, ಕಿರಾಣಿ, ಬ್ಯಾಂಕು. ಬಟ್ಟೆ ಚೀಲದ ಬದಲು ಬೆನ್ನಚೀಲವೇ ಇರಲಿ, 2 ಕೆ.ಜಿ. ತೊಗರಿಬೇಳೆ, 2 ಕೆ.ಜಿ. ಜೋಳ ಬಂದರೆ ಅಂದಿನ ಭಾರದ ತಾಲೀಮು ಮುಗಿಯಿತು. ದಿನಕ್ಕೆ 4 ಕಿ.ಮೀ. ಸ್ಕೂಟರ್ ನಿಂತರೆ, ತಿಂಗಳಲ್ಲಿ 25 ದಿನ ಎಂದರೂ 100 ಕಿ.ಮೀ., ಎರಡು ಲೀಟರಿಗೂ ಹೆಚ್ಚು ಪೆಟ್ರೋಲ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್, ಅಂದರೆ ತಿಂಗಳಿಗೆ 5 ಕೆ.ಜಿ. ಉಳಿತಾಯ. ಆ ಪೆಟ್ರೋಲಿನ ಹಣ ದೇಣಿಗೆ ಡಬ್ಬಿಗೆ ಬೀಳಲಿ.

ಇದೇ ಲೆಕ್ಕವನ್ನು ಮುಂದುವರಿಸಿದರೆ ಒಂದು ಕಹಿ ಸತ್ಯ ಎದುರಾಗುತ್ತದೆ. ಇಲ್ಲಿಂದ ಚಿಕ್ಕಮಗಳೂರಿಗೆ ಕಾರಿನಲ್ಲಿ ಹೋಗಿ ಬಂದರೆ ಸಾವಿರ ಕಿ.ಮೀ. ದಾಟುತ್ತದೆ. ಲೀಟರಿಗೆ 15 ಕಿ.ಮೀ. ಕೊಟ್ಟರೂ 67 ಲೀಟರ್, 150 ಕೆ.ಜಿ.ಗೂ ಹೆಚ್ಚು ಹೊಗೆ. ಐದು ಜನ ಕೂತರೆ ತಲೆಗೆ 30 ಕೆ.ಜಿ. ಆರು ತಿಂಗಳು ಸ್ಕೂಟರ್ ಬಿಟ್ಟು ನಡೆದು ಉಳಿಸಿದ್ದು ಎರಡು ದಿನದಲ್ಲಿ ಹೋಯಿತು. ಇಡೀ ಕಾರ್ಯಕ್ರಮದಲ್ಲಿ ಪರಿಸರದ ಮಟ್ಟಿಗೆ ಅತಿ ದೊಡ್ಡ ನಿರ್ಧಾರ ಪ್ರಯಾಣದ್ದೇ, ಸ್ಟೀಲ್ ಬಾಟಲಿಯದಲ್ಲ. ಸೊಲ್ಲಾಪುರ-ಹಾಸನ ಎಕ್ಸ್‌ಪ್ರೆಸ್ ರೈಲು ಕಲಬುರಗಿ, ಯಾದಗಿರಿ ಮೂಲಕವೇ ಹಾಸನಕ್ಕೆ ಹೋಗುತ್ತದೆ, ಅಲ್ಲಿಂದ ಚಿಕ್ಕಮಗಳೂರಿಗೆ ಬಸ್ಸು. ನಲವತ್ತು ಜನರ ಟಿಕೆಟ್ ಒಟ್ಟಿಗೆ ಸಿಗಬೇಕಾದರೆ ಮುಂಗಡವಾಗಿಯೇ ಕಾದಿರಿಸಬೇಕು, ಆದ್ದರಿಂದ ದಿನಾಂಕವನ್ನು ತಾಲೀಮು ಶುರುವಾಗುವ ಮೊದಲೇ ನಿಶ್ಚಯಿಸಿ. ಚಾರಣದ ದಾರಿ ಅರಣ್ಯ ಇಲಾಖೆಯ ವ್ಯಾಪ್ತಿಯಲ್ಲಿದ್ದರೆ ಅನುಮತಿಯನ್ನೂ ಆಗಲೇ ಪಡೆಯಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುತ್ತದೆ. ಅಷ್ಟು ದೂರ ಹೋಗಲಾಗದವರು ಸುರಪುರ, ಶಹಾಪುರ, ಯಾದಗಿರಿಯ ಗುಡ್ಡಗಳಲ್ಲೇ ಎರಡು ದಿನ ನಡೆದು ಅಷ್ಟೇ ಏರಿಕೆ ಮುಗಿಸಬಹುದು. ಅದು ಕಡಿಮೆ ಸಾಧನೆ ಎಂದು ನಾನು ಒಪ್ಪುವುದಿಲ್ಲ. ದೇಣಿಗೆ ಕೊಡುವವರು ಕೊಡುವುದು ಕಾರಣಕ್ಕೆ, ಶಿಖರದ ಹೆಸರಿಗಲ್ಲ.

ಕಾಲಿನ ವಿಷಯ. ಬೂಟನ್ನು ಸಂಜೆ ಕೊಳ್ಳಬೇಕು, ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ, ಬೆಟ್ಟದಲ್ಲೂ ಹಾಗೇ ಊದುತ್ತದೆ. ಹಾಕಿಕೊಳ್ಳುವ ಕಾಲುಚೀಲ ತೊಟ್ಟೇ ನೋಡಿ, ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಉಳಿಯಬೇಕು. ಉಳಿಯದಿದ್ದರೆ ಇಳಿಯುವಾಗ ಉಗುರು ಬೂಟಿನ ತುದಿಗೆ ಬಡಿದು ಕಪ್ಪಾಗುತ್ತದೆ. ಉಗುರನ್ನು ಎರಡು-ಮೂರು ದಿನ ಮೊದಲೇ ನೇರಕ್ಕೆ ಕತ್ತರಿಸಿರಬೇಕು. ಹೊಸ ಬೂಟಿನಲ್ಲಿ ಕನಿಷ್ಠ 50 ಕಿ.ಮೀ. ನಡೆಯದೆ ಬೆಟ್ಟಕ್ಕೆ ಹೋಗಬಾರದು. ಹತ್ತಿ ಕಾಲುಚೀಲ ಬೆವರು ಹಿಡಿದಿಟ್ಟುಕೊಂಡು ಚರ್ಮ ಮೆತ್ತಗಾಗಿಸುತ್ತದೆ, ಬೊಬ್ಬೆಗೆ ಅದೇ ಮೂಲ. ಉಣ್ಣೆ ಅಥವಾ ನೈಲಾನ್ ಮಿಶ್ರಿತದ್ದು ಮೇಲು. ಪಾದದಲ್ಲಿ ಎಲ್ಲಾದರೂ ಬಿಸಿ ಅನ್ನಿಸಿದ ಕೂಡಲೇ ಕೂತು ಅಲ್ಲಿಗೆ ಅಂಟುಪಟ್ಟಿ ಹಚ್ಚಬೇಕು. ಬೊಬ್ಬೆ ಎದ್ದ ಮೇಲೆ ಹಚ್ಚಿದರೆ ತಡವಾಯಿತು. ಸಕ್ಕರೆ ಕಾಯಿಲೆಯವರು ನಡಿಗೆ ಮುಗಿದ ಮೇಲೆ ಪ್ರತಿದಿನ ಅಂಗಾಲು ನೋಡಿಕೊಳ್ಳಲೇಬೇಕು.

ಹೊಸ ಬೂಟೇ ಬೇಕೆಂದಿಲ್ಲ. ಆದರೆ ವರ್ಷಗಟ್ಟಲೆ ಅಟ್ಟದ ಮೇಲಿದ್ದ ಬೂಟಿನ ಅಟ್ಟೆ ನಮ್ಮ ಸೆಕೆಗೆ ಗೋಂದು ಬಿಟ್ಟಿರುತ್ತದೆ, ಬೆಟ್ಟದ ನಡುವೆ ಬಾಯಿ ಬಿಡುತ್ತದೆ. ಬೂಟನ್ನು ಬಗ್ಗಿಸಿ ಅಂಚಿನ ಸುತ್ತ ಉಗುರು ತೂರಿಸಿ ನೋಡಿ. ಸಂದು ಕಂಡರೆ ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವವರ ಹತ್ತಿರ ಸುತ್ತಲೂ ಮೇಣದ ದಾರದ ಹೊಲಿಗೆ ಹಾಕಿಸಿದರೆ, ಹೊಸದರ ಬೆಲೆಯ ಸಣ್ಣ ಭಾಗಕ್ಕೆ ಇನ್ನೊಂದೆರಡು ವರ್ಷ ಬಾಳುತ್ತದೆ. ನಡುವಿನ ಮೆತ್ತನೆಯ ಪದರವೇ ಪುಡಿಪುಡಿಯಾಗಿದ್ದರೆ ಮಾತ್ರ ಹೊಲಿಗೆಗೂ ಉಳಿಯುವುದಿಲ್ಲ. ಊರುಗೋಲಿಗೆ ಗಟ್ಟಿ ಬಿದಿರು ಸಾಕು, ಮೊಳಕೈ ಲಂಬ ಕೋನಕ್ಕೆ ಬಾಗುವಷ್ಟು ಉದ್ದ, ಇಳಿಯುವಾಗ ನಾಲ್ಕು ಬೆರಳು ಹೆಚ್ಚಿಗೆ ಹಿಡಿಯಲು ಜಾಗ. ವಯಸ್ಸಾದವರ ಕೋಲಿಗೆ ಹಾಕುವ ರಬ್ಬರ್ ಟೋಪಿಯನ್ನು ಔಷಧಿ ಅಂಗಡಿಯಿಂದ ತಂದು ತುದಿಗೆ ಹಾಕಿದರೆ ಬಂಡೆಯ ಮೇಲೆ ಜಾರುವುದಿಲ್ಲ.

ಬುತ್ತಿಯಲ್ಲಿ ನಮ್ಮ ಸೀಮೆಗೆ ಯಾರೂ ಪಾಠ ಹೇಳಬೇಕಿಲ್ಲ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ದಾರಿಯಲ್ಲಿ ಕೆಡುವುದಿಲ್ಲ, ಹಿಂಡಿಯ ಉಪ್ಪು ಬೆವರಿಗೆ ಹೋದ ಉಪ್ಪನ್ನು ತುಂಬುತ್ತದೆ. ರೊಟ್ಟಿ ಪುಡಿಯಾಗದಿರಲು ಎರಡು ಸ್ಟೀಲ್ ತಾಟಿನ ನಡುವೆ ಇಟ್ಟು ಬಟ್ಟೆಯಲ್ಲಿ ಗಂಟು ಕಟ್ಟಿ. ನಡೆಯುತ್ತ ತಿನ್ನಲು ಶೇಂಗಾ ಉಂಡೆ. ಅರ್ಧ ಕೆ.ಜಿ. ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ಉಜ್ಜಿ ತೆಗೆದು, 325 ಗ್ರಾಂ ಬೆಲ್ಲದ ಜೊತೆ ಬೆಚ್ಚಗಿರುವಾಗಲೇ ತರಿತರಿಯಾಗಿ ರುಬ್ಬಿದರೆ ಶೇಂಗಾದ ಎಣ್ಣೆಯೇ ಅಂಟಾಗುತ್ತದೆ. 30 ಗ್ರಾಮಿನಂತೆ 27 ಉಂಡೆ ಬರುತ್ತವೆ, ಒಂದೊಂದರಲ್ಲಿ ಸುಮಾರು 150 ಕ್ಯಾಲರಿ. ಆರಿದ ಮೇಲೆ ರುಬ್ಬಿದರೆ ಉಂಡೆ ಕಟ್ಟದೆ ಉದುರುತ್ತದೆ. ಮೊದಲ ಗಂಟೆ ಕಳೆದ ಮೇಲೆ ಹಸಿವಾಗುವುದಕ್ಕೆ ಕಾಯದೆ ಗಂಟೆಗೊಂದು ತಿನ್ನಿ. ಬೆಳಿಗ್ಗೆ ಸುಸಲಾ (ಒಗ್ಗರಣೆ ಹಾಕಿದ ಮಂಡಕ್ಕಿ) ತಿನ್ನಬಹುದು, ಜೊತೆಯ ಮಿರ್ಚಿ ಭಜಿ ಅಂದು ಬೇಡ. ಎಣ್ಣೆ ಜೀರ್ಣವಾಗಲು ಹೊತ್ತು ಬೇಕು, ಏರಿಕೆಯಲ್ಲಿ ಹುಳಿತೇಗು ಬರುತ್ತದೆ. ನೀರು ತಂಪು ಹೊತ್ತಿನಲ್ಲಿ ಗಂಟೆಗೆ ಅರ್ಧ ಲೀಟರ್, ಬಿಸಿಲೇರಿದ ಮೇಲೆ ಮುಕ್ಕಾಲು. ಬಹಳ ಬೆವರಿದವರು ಬರೀ ನೀರನ್ನೇ ಕುಡಿಯುತ್ತ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆಸುತ್ತು, ವಾಂತಿ ಬರುತ್ತದೆ. ಒಂದು ಲೀಟರ್ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ್ದು ಒಂದು ಬಾಟಲಿ ಇರಲಿ. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು.

ಸಂಘಟಕರಿಗೆ ನಾಲ್ಕು ಮಾತು. ನಲವತ್ತು ಜನರಿಗೆ ತಲೆಗೆ 3 ಲೀಟರಿನಂತೆ 120 ಲೀಟರ್ ನೀರು ಬೇಕು. ಅದು 120 ಬಾಟಲಿಯೂ ಆಗಬಹುದು, ನಲ್ಲಿ ಹಚ್ಚಿದ 20 ಲೀಟರಿನ ಆರು ಕ್ಯಾನೂ ಆಗಬಹುದು. ಕ್ಯಾನುಗಳನ್ನು ವಾಹನ ಹೋಗುವ ಕೊನೆಯ ಜಾಗದಲ್ಲಿಟ್ಟು, ಪ್ರತಿಯೊಬ್ಬರೂ ಮನೆಯಿಂದ ತಂದ ಬಾಟಲಿ ತುಂಬಿಕೊಳ್ಳಲಿ. ಫ್ಲೆಕ್ಸ್ ಬದಲು ಕಾಡಾ ಎಂಬ ಒರಟು ಹತ್ತಿ ಬಟ್ಟೆಯ ಮೇಲೆ ಬರೆಸಿ, ಇಸವಿ ಬರೆಸದಿದ್ದರೆ ಮುಂದಿನ ವರ್ಷಕ್ಕೂ ಬರುತ್ತದೆ. ಅಂಗಿ ಹೊಲಿಸುವ ಹಣ ದೇಣಿಗೆಗೆ ಹೋಗಲಿ, ತೋಳಿಗೆ ಒಂದೇ ಬಣ್ಣದ ಪಟ್ಟಿ ಕಟ್ಟಿಕೊಂಡರೆ ತಂಡ ಗುರುತು ಸಿಗುತ್ತದೆ. ಬಾಳೆ, ಕಿತ್ತಳೆ ಸಿಪ್ಪೆಯೂ ಚೀಲದಲ್ಲೇ ಮರಳಿ ಬರಬೇಕು. ಮಣ್ಣಾಗುವ ವಸ್ತುವಲ್ಲವೇ ಎಂದು ಎಸೆಯುತ್ತಾರೆ, ಆದರೆ ಬೆಟ್ಟದ ಒಣ ಬಂಡೆಯ ಮೇಲೆ ಅದು ತಿಂಗಳುಗಟ್ಟಲೆ ಉಳಿಯುತ್ತದೆ, ಕೋತಿಗಳಿಗೆ ಮನುಷ್ಯರ ಚೀಲದ ರುಚಿ ಹತ್ತುತ್ತದೆ. ದೇಣಿಗೆಯನ್ನು ನೇರ ಸಂಸ್ಥೆಯ ಖಾತೆಗೆ ಹಾಕಿಸಿ ರಸೀದಿ ಕೊಡಿಸಿ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟ ದೇಣಿಗೆಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುವುದಿಲ್ಲ ಎಂಬುದನ್ನು ಕೊಡುವವರಿಗೆ ಮೊದಲೇ ತಿಳಿಸಬೇಕು.

ಜನವರಿಯಲ್ಲಿ ನಡಿಗೆ ಮುಗಿಯುತ್ತದೆ, ಸಸಿಗಳ ಕಷ್ಟದ ದಿನಗಳು ಆಗ ಶುರುವಾಗುತ್ತವೆ. ಫೆಬ್ರುವರಿಯಿಂದ ಮೃಗಶಿರ ಮಳೆಯವರೆಗೆ ನೀರಿನ ಸರದಿಯ ಪಟ್ಟಿಯನ್ನು ಬೆಟ್ಟಕ್ಕೆ ಹೋಗುವ ಮೊದಲೇ ಬರೆದು ಅಂಟಿಸಬೇಕು. ಮೂವತ್ತು ಮಡಕೆಗೆ ವಾರಕ್ಕೆರಡು ಸರದಿ, ಸರದಿಗೆ ಹದಿನೈದು ಜನ 5 ಲೀಟರ್ ಹೊತ್ತು ಎರಡೆರಡು ಸಲ ನಡೆಯಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ ಏಳೂವರೆಗೆ ಮುಗಿಸಬೇಕು. ಬಿಸಿಲಿಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಹಿಡಿಯುವುದರಿಂದ, ನಡುವೆ ಬಿಟ್ಟವರು ಮತ್ತೆ ಶುರುಮಾಡುವಾಗ 3 ಲೀಟರಿನಿಂದಲೇ ಆರಂಭಿಸಲಿ.

ತಮ್ಮ ಪತ್ರಿಕೆಗೆ ಒಂದು ವಿನಂತಿ. ಸಹಾಯಾರ್ಥ ನಡಿಗೆಯ ಸುದ್ದಿ ಪ್ರಕಟಿಸುವಾಗ ಶಿಖರದ ಮೇಲಿನ ಫೋಟೊ ಜೊತೆಗೆ ಮೂರು ಅಂಕಿ ಕೇಳಿ ಹಾಕಿ: ಕೂಡಿದ ಹಣ ಎಷ್ಟು, ಅದರಲ್ಲಿ ಪ್ರಯಾಣ ಮತ್ತು ಏರ್ಪಾಟಿಗೆ ಖರ್ಚಾದದ್ದು ಎಷ್ಟು, ಉದ್ದೇಶಿಸಿದ ಸಂಸ್ಥೆಗೆ ತಲುಪಿದ್ದು ಎಷ್ಟು. ಜೂನ್ ತಿಂಗಳಲ್ಲಿ ಅದೇ ತಂಡವನ್ನು ಮತ್ತೊಮ್ಮೆ ಕೇಳಿ, ಮೂವತ್ತರಲ್ಲಿ ಬದುಕಿದ ಸಸಿಗಳೆಷ್ಟು ಎಂದು ಪ್ರಕಟಿಸಿ.

— ನಡಿಗೆಯ ತಾಲೀಮು ಹೇಳಿಕೊಡುವ ಓದುಗ, ಕಲಬುರಗಿ